ಜಗಳದ ನಡುವೆ ಸಿಕ್ಕ ಕೂಸು



‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು’ ಎಂಬ ಗಾದೆ ನಿಮಗೆಲ್ಲ ಗೊತ್ತು. ಬಡವಾಗುವುದು ಮೈ ಮಾತ್ರವಲ್ಲ, ಮನಸ್ಸೂ ಹೌದು. ಆ ನೋವು ಕೂಸು ಬೆಳೆದು ದೊಡ್ಡದಾದ ಮೇಲೂ ಉಳಿಯಬಹುದು.

ತಂದೆ ತಾಯಿ ಬೇರೆಯಾದಾಗ, ಅಥವಾ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟಾಗ, ಒಬ್ಬರು ಇನ್ನೊಬ್ಬರ ಮೇಲೆ ಮಗುವಿಗೆ ದ್ವೇಷ ಹುಟ್ಟಿಸುವುದುಂಟು. ‘ನಿಮ್ಮಪ್ಪನಿಗೆ ನೀನು ಬೇಕಾಗಿಲ್ಲ’ ಎನ್ನುವುದು, ಬಂದ ಫೋನನ್ನು ಮಗುವಿಗೆ ಕೊಡದಿರುವುದು, ತಾಯಿ ಹಬ್ಬಕ್ಕೆ ಕಳಿಸಿದ ಬಟ್ಟೆ ಬಚ್ಚಿಡುವುದು ಇದರ ರೀತಿಗಳು. ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ 1985ರಲ್ಲಿ ಇದಕ್ಕೆ ‘ಪೇರೆಂಟಲ್ ಏಲಿಯನೇಷನ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಇದು ಕಾಯಿಲೆಯಾಗಿ ಸೇರಿಲ್ಲ. ಇಲ್ಲಿ ಎಚ್ಚರವೂ ಬೇಕು. ಹೊಡೆಯುವ ತಂದೆಗೆ ಮಗು ಹೆದರಿದರೆ ಅದು ಯಾರೋ ಹೇಳಿಕೊಟ್ಟ ದ್ವೇಷವಲ್ಲ, ತಾನೇ ಉಂಡ ಭಯ.

ಇಂಥ ಬಾಲ್ಯ ಕಳೆದ 40 ವಯಸ್ಕರನ್ನು ಮಾತನಾಡಿಸಿ ಮನಶ್ಶಾಸ್ತ್ರಜ್ಞೆ ಏಮಿ ಬೇಕರ್ 2007ರಲ್ಲಿ ಪುಸ್ತಕ ಬರೆದರು. ಖಿನ್ನತೆ, ಕೀಳರಿಮೆ, ಕುಡಿತ ಅಥವಾ ಮಾದಕ ವಸ್ತುವಿನ ಚಟ, ಯಾರನ್ನೂ ನಂಬಲಾಗದ ಸ್ಥಿತಿ ಇವು ಹಲವರಲ್ಲಿ ಕಂಡವು. ಮಗು ತನ್ನನ್ನು ಇಬ್ಬರ ಅಂಶವೆಂದೇ ತಿಳಿದಿರುತ್ತದೆ. ‘ಅಪ್ಪ ಕೆಟ್ಟವನು’ ಎಂಬ ಮಾತು ಅದಕ್ಕೆ ‘ನನ್ನಲ್ಲೂ ಅರ್ಧ ಕೆಟ್ಟದ್ದು’ ಎಂದು ಕೇಳಿಸಬಹುದು. ಹಾಗೆಂದು ಇಂಥ ಮನೆಯ ಮಕ್ಕಳೆಲ್ಲರೂ ಹೀಗೇ ಆಗುತ್ತಾರೆಂದಲ್ಲ.

2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಬಾಲಕ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈನಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಲಿ ಎಂದಿತು. ಮಗುವನ್ನು ಒಬ್ಬರ ಪಕ್ಷಕ್ಕೆ ಎಳೆಯುವುದು ಅದರ ಮನಸ್ಸನ್ನು ಘಾಸಿಗೊಳಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2017ರ ತೀರ್ಪೊಂದರಲ್ಲಿ ವಿವರಿಸಿತು.

ಬೈರಮಂಗಲದ ನಮ್ಮ ಕಾಲೇಜಿನಲ್ಲೂ ಪ್ರವೇಶ ಅರ್ಜಿ ತುಂಬುವಾಗ ‘ಅಪ್ಪನ ನಂಬರ್ ಬೇಡ ಸರ್’ ಎಂದು ತಲೆ ತಗ್ಗಿಸುವವರನ್ನು ನಾನು ನೋಡಿದ್ದೇನೆ. ಅವರಿಗೆ ನಾನು ಹೇಳುವುದಿಷ್ಟು: ದೊಡ್ಡವರ ಜಗಳ ನಿಮ್ಮ ತಪ್ಪಲ್ಲ. ಇಬ್ಬರನ್ನೂ ಪ್ರೀತಿಸಿದರೆ ಯಾರಿಗೂ ದ್ರೋಹವಾಗದು. ‘ಅಮ್ಮಿ, ಇದನ್ನು ಅಬ್ಬನಿಗೆ ನೀವೇ ಹೇಳಿ’ ಎಂದು ವಿನಯದಿಂದ ಹೇಳುವುದು ಉದ್ಧಟತನವಲ್ಲ. ನಿದ್ದೆ, ಊಟ, ಓದು ಕೆಟ್ಟರೆ ನಂಬುವ ಉಪನ್ಯಾಸಕರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮನೆಯಲ್ಲಿ ಹೊಡೆತವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಸಹೋದ್ಯೋಗಿಗಳಲ್ಲೂ ಒಂದು ಮನವಿ. ಪೋಷಕರ ಸಭೆಗೆ ಒಬ್ಬರೇ ಬಂದರೆ, ‘ಇನ್ನೊಬ್ಬರೆಲ್ಲಿ?’ ಎಂದು ಎಲ್ಲರೆದುರು ಆ ಮಗುವನ್ನು ಕೇಳುವುದು ಬೇಡ.