ಮೆದುಳಿನ ಗೆಡ್ಡೆ: ರಿಪೋರ್ಟಿನ ಗುರುತುಗಳು ಏನು ಹೇಳುತ್ತವೆ?

‘ಅಣ್ಣನ ಬಯಾಪ್ಸಿ ರಿಪೋರ್ಟಿನಲ್ಲಿ ಐಡಿಎಚ್ ವೈಲ್ಡ್ ಟೈಪ್ ಎಂದು ಬರೆದಿದ್ದಾರೆ. ಗೆಡ್ಡೆ ಕಾಡುಮೃಗದಂತೆ ಉಗ್ರವಾಗಿದೆ ಎಂದು ಅರ್ಥವೇ?’ ಇದು ಕಮ್ಮನಹಳ್ಳಿಯ ಓದುಗರೊಬ್ಬರ ಪ್ರಶ್ನೆ.

ಹಾಗಲ್ಲ. ಐಡಿಎಚ್ ಎಂಬ ವಂಶವಾಹಿ ಬದಲಾಗದೆ ಸಹಜ ರೂಪದಲ್ಲೇ ಇದೆ ಎಂದಷ್ಟೇ ಅದರ ಅರ್ಥ. ಆದರೆ ಈ ಗೆಡ್ಡೆಗಳಲ್ಲಿ ಒಂದು ವಿಚಿತ್ರವಿದೆ. ಇಲ್ಲಿ ವಂಶವಾಹಿ ಬದಲಾಗಿದ್ದರೇ ರೋಗಿಗೆ ಮೇಲು.

ದರ್ಜೆ ಮಾತ್ರ ಸಾಲದು

ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳಿಂದ ಹುಟ್ಟುವ ಗೆಡ್ಡೆಗೆ ಗ್ಲಿಯೋಮಾ ಎಂದು ಹೆಸರು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 1ರಿಂದ 4ರವರೆಗೆ ದರ್ಜೆ ಕೊಡುವುದು ಹಳೆಯ ಪದ್ಧತಿ. ಆದರೆ ಒಂದೇ ದರ್ಜೆಯ ಇಬ್ಬರಲ್ಲಿ ಒಬ್ಬರು ವರ್ಷದೊಳಗೆ ತೀರಿಕೊಂಡರೆ, ಇನ್ನೊಬ್ಬರು ಹಲವು ವರ್ಷ ಬದುಕುವುದುಂಟು. ಕಾರಣ ಕೋಶದೊಳಗಿನ ವಂಶವಾಹಿಗಳಲ್ಲಿದೆ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ, ಮತ್ತೆ 2021ರಲ್ಲಿ, ಈ ಗುರುತುಗಳನ್ನೂ ಸೇರಿಸಿ ಗೆಡ್ಡೆಗಳನ್ನು ವಿಂಗಡಿಸಿತು.

ಮೂರು ಮುಖ್ಯ ಗುರುತುಗಳು

ಐಡಿಎಚ್: ಇದು ಬದಲಾಗಿರುವ ಗೆಡ್ಡೆ ಸಾಮಾನ್ಯವಾಗಿ ನಿಧಾನವಾಗಿ ಬೆಳೆಯುತ್ತದೆ. ಬದಲಾಗದ, 4ನೇ ದರ್ಜೆಯ ಗ್ಲಿಯೊಬ್ಲಾಸ್ಟೋಮಾ ಹೆಚ್ಚು ಕಠಿಣ.

1ಪಿ/19ಕ್ಯೂ: 1 ಮತ್ತು 19ನೇ ವರ್ಣತಂತುಗಳ ಒಂದೊಂದು ತೋಳು ಕಳೆದುಹೋಗಿದೆಯೇ ಎಂದು ನೋಡುವ ಪರೀಕ್ಷೆ. ಐಡಿಎಚ್ ಬದಲಾವಣೆಯ ಜೊತೆ ಇದೂ ಇದ್ದರೆ ಅದು ಆಲಿಗೋಡೆಂಡ್ರೋಗ್ಲಿಯೋಮಾ. ವಿಕಿರಣಕ್ಕೂ ಔಷಧಿಗೂ ಚೆನ್ನಾಗಿ ಬಗ್ಗುವ ಗೆಡ್ಡೆಯಿದು. ಹತ್ತು ವರ್ಷ ಮೀರಿ ಬದುಕುವವರು ಅನೇಕರಿದ್ದಾರೆ.

ಎಂಜಿಎಂಟಿ: ಟೆಮೊಜೋಲೊಮೈಡ್ ಮಾತ್ರೆ ಗೆಡ್ಡೆಯ ಡಿಎನ್‌ಎಯನ್ನು ಕೆಡಿಸುತ್ತದೆ. ಎಂಜಿಎಂಟಿ ಅದನ್ನು ರಿಪೇರಿ ಮಾಡಿಬಿಡುತ್ತದೆ. ಮಿಥೈಲೇಷನ್‌ನಿಂದ ಈ ವಂಶವಾಹಿಗೆ ಬೀಗ ಬಿದ್ದಿದ್ದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೀಗ ಬಿದ್ದಿದ್ದ ಗ್ಲಿಯೊಬ್ಲಾಸ್ಟೋಮಾ ರೋಗಿಗಳ ಮಧ್ಯಮ ಆಯುಷ್ಯ ವಿಕಿರಣ ಮಾತ್ರ ಪಡೆದವರಲ್ಲಿ 15.3 ತಿಂಗಳು, ಮಾತ್ರೆಯನ್ನೂ ಪಡೆದವರಲ್ಲಿ 21.7 ತಿಂಗಳು. ಬೀಗ ಬೀಳದವರಲ್ಲಿ ಇದು 11.8 ಮತ್ತು 12.7 ತಿಂಗಳು; ಮಾತ್ರೆಯಿಂದ ಆದ ಲಾಭ ಅಲ್ಪ.

ನಮ್ಮ ಊರಿನ ಸಂಶೋಧನೆ

ಬೆಂಗಳೂರಿನ ನಿಮ್ಹಾನ್ಸ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಗ್ಲಿಯೊಬ್ಲಾಸ್ಟೋಮಾದ 14 ವಂಶವಾಹಿಗಳ ಚಟುವಟಿಕೆ ಅಳೆದು, ಹೆಚ್ಚು ಅಪಾಯದ ಮತ್ತು ಕಡಿಮೆ ಅಪಾಯದ ರೋಗಿಗಳನ್ನು ಬೇರ್ಪಡಿಸುವ ವಿಧಾನವನ್ನು 2013ರಲ್ಲಿ ಪ್ರಕಟಿಸಿದರು. ಇದು ಸಂಶೋಧನೆಯ ಮಾತು. ನಿಮ್ಮ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಕಾಣುವುದು ಮೇಲಿನ ಗುರುತುಗಳನ್ನೇ.

ನೀವು ಮಾಡಬೇಕಾದ್ದು

* ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿಟ್ಟ ‘ಬ್ಲಾಕ್’ ಬಹಳ ಮುಖ್ಯ. ಎರಡನೆಯ ಅಭಿಪ್ರಾಯಕ್ಕೆಂದು ನಿಮ್ಹಾನ್ಸ್‌ಗಾಗಲಿ ಕಿದ್ವಾಯಿಗಾಗಲಿ ಹೋಗುವಾಗ ರಿಪೋರ್ಟಿನ ಜೊತೆ ಬ್ಲಾಕ್ ಮತ್ತು ಸ್ಲೈಡುಗಳನ್ನೂ ಕೇಳಿ ಪಡೆಯಿರಿ. ಇದ್ದರೆ, ಬಾಕಿ ಪರೀಕ್ಷೆಗಳಿಗಾಗಿ ಮತ್ತೆ ತಲೆ ತೆರೆಯುವ ಪ್ರಸಂಗ ತಪ್ಪುತ್ತದೆ.

* ಯಾವ ಗುರುತಿನ ಪರೀಕ್ಷೆ ಆಗಿದೆ, ಯಾವುದು ಆಗಿಲ್ಲ, ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ ಎಂದು ವೈದ್ಯರನ್ನು ಕೇಳಿ.

* ತಿಂಗಳುಗಳ ಲೆಕ್ಕವನ್ನು ಮನೆಯವರ ಹಣೆಬರಹವೆಂದು ಓದಬೇಡಿ. ಮಧ್ಯಮ ಆಯುಷ್ಯ ಎಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದರು ಎಂದೇ ಅರ್ಥ. ರೋಗಿಯ ವಯಸ್ಸು, ಶಕ್ತಿ, ಗೆಡ್ಡೆ ಎಷ್ಟು ತೆಗೆಯಲಾಯಿತು ಎಂಬುದೂ ಲೆಕ್ಕಕ್ಕೆ ಬರುತ್ತವೆ.