ಪುಷ್ಯ ಮಳೆಯ ಲೆಕ್ಕ

ನಮ್ಮ ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಅಮ್ಮ ಹಾಲಿನ ಲೆಕ್ಕ ಬರೆಯುತ್ತಾಳೆ, ನಾನು ಕರೆಂಟ್ ಹೋದ ದಿನಗಳಿಗೆ ಸುತ್ತು ಹಾಕುತ್ತೇನೆ. ಕಳೆದ ಮಳೆಗಾಲದಲ್ಲಿ ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ಕರೆಂಟ್ ಇಲ್ಲದ ದಿನಗಳು 34. ಅವುಗಳಲ್ಲಿ 19 ಬಿದ್ದದ್ದು ಪುನರ್ವಸು ಮತ್ತು ಪುಷ್ಯ ಮಳೆಯಲ್ಲೇ. ಮನೆಗೆ ಸೋಲಾರ್ ಹಾಕಿಸಲೇ, ಹಳ್ಳಕ್ಕೆ ಟರ್ಬೈನ್ ಕೂರಿಸಲೇ, ಗೋಬರ್ ಗ್ಯಾಸ್ ಕಟ್ಟಿಸಲೇ ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಸುತ್ತುಗಳನ್ನು.

ನಾಡಿಗೆ ಬೆಳಕು ಕೊಟ್ಟ ಸೀಮೆ ನಮ್ಮದು. ಜೋಗದ ಬುಡದ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು, ಶರಾವತಿ ಕಣಿವೆಯ ಊರುಗಳು ಹಿನ್ನೀರಿನಡಿ ಹೋದವು. ಆಮೇಲೆ ಹೊಸನಗರ ತಾಲ್ಲೂಕಿನಲ್ಲೇ ಮಾಣಿ, ಚಕ್ರಾ, ಸಾವೆಹಕ್ಕಲು ಅಣೆಕಟ್ಟುಗಳು ಬಂದವು. ಆದರೂ ದೀಪದ ಬುಡದಲ್ಲಿ ಕತ್ತಲೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಗಾದೆಯಾಗಿ ಉಳಿದಿಲ್ಲ, ಅನುಭವವಾಗಿದೆ. ಕಾಡಿನ ನಡುವೆ ಮೈಲುಗಟ್ಟಲೆ ಎಳೆದ ತಂತಿಯ ಮೇಲೆ ಒಂದು ಧೂಪದ ಕೊಂಬೆ ಬಿದ್ದರೆ ಸಾಕು. ಅದು ಎಲ್ಲಿ ಬಿದ್ದಿದೆ ಎಂದು ಲೈನ್‌ಮನ್‌ಗಳು ಆ ಮಳೆಯಲ್ಲಿ ಹುಡುಕಿ ತೆಗೆಯಬೇಕು. ಅವರ ಕಷ್ಟ ನೋಡಿದ ಮೇಲೆ ಬೈಯಲು ಬಾಯಿ ಬರುವುದಿಲ್ಲ.

ಹಾಗಾಗಿ ‘ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ’ ಎಂಬ ಪ್ರಶ್ನೆ ನಮ್ಮಲ್ಲಿ ಎರಡನೆಯದು. ‘ಯಾವ ದಿನ, ಯಾವ ಕೆಲಸ ನಿಂತುಹೋಗುತ್ತಿದೆ’ ಎಂಬುದು ಮೊದಲನೆಯದು. ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು.

ಎಂಟು ವರ್ಷದ ಹಿಂದೆ ಒಂದು ಮಾರ್ಚ್ ತಿಂಗಳಲ್ಲಿ ಮನೆಗೆ ಒಂದು ಪ್ಯಾನೆಲ್, ಒಂದು ಬ್ಯಾಟರಿ, ಒಂದು ಇನ್ವರ್ಟರ್ ಹಾಕಿಸಿದೆ. ಅಂಗಳದಲ್ಲಿ ಅಡಿಕೆ ಒಣಗಿಸುವಂಥ ಬಿಸಿಲು. ಸಂಜೆಯೊಳಗೆ ಬ್ಯಾಟರಿ ತುಂಬುತ್ತಿತ್ತು, ನನಗೆ ಸಂತೋಷ. ಜುಲೈ ಬಂತು. ಮೂರು ದಿನ ಸೂರ್ಯನ ಮುಖವೇ ಕಾಣಲಿಲ್ಲ. ನಾಲ್ಕನೆಯ ರಾತ್ರಿ ಇನ್ವರ್ಟರ್ ಕೂಗಿ ಕೂಗಿ ಸುಮ್ಮನಾಯಿತು. ಬಿಸಿಲು ಕಂಡು ಕೊಂಡ ವಸ್ತು ಮಳೆಗೆ ಸಾಲಲಿಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಇದನ್ನೆಲ್ಲ ಹಾಕಿಸಲು ಮಾಡಿದ ಸಾಲಕ್ಕೆ ತಿಂಗಳ ಕಂತು ಒಪ್ಪಿಕೊಂಡಿದ್ದೆ. ಅಡಿಕೆ ಬೆಳೆಗಾರನ ಕೈಯಲ್ಲಿ ದುಡ್ಡು ಆಡುವುದು ಸುಗ್ಗಿ ಮುಗಿದ ಮೇಲೆ. ಮಳೆಗಾಲದಲ್ಲಿ ಕೊಳೆ ಔಷಧಿ, ಕೊನೆಗಾರರ ಸಂಬಳ, ಮಕ್ಕಳ ಶಾಲೆ ಎಂದು ಬರೀ ಖರ್ಚು. ಎರಡು ಕಂತು ತಪ್ಪಿದವು, ದಂಡ ಬಿತ್ತು. ಒಳ್ಳೆಯ ಧಾರಣೆಗೆಂದು ಇಟ್ಟಿದ್ದ ಮೂರು ಕ್ವಿಂಟಲ್ ಅಡಿಕೆಯನ್ನು ಆಗಸ್ಟಿನಲ್ಲೇ ಮಾರಿದೆ. ಆಮೇಲೆ ಬಂದ ಧಾರಣೆಗೆ ಹೋಲಿಸಿದರೆ ಕ್ವಿಂಟಲ್‌ಗೆ 3,000 ರೂಪಾಯಿ ಕಡಿಮೆ. ಆ 9,000 ರೂಪಾಯಿ ಬಡ್ಡಿಯ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ, ಆದರೆ ಸಾಲದ ನಿಜವಾದ ಬೆಲೆಯಲ್ಲಿ ಅದೂ ಸೇರಿದೆ.

ಆ ವರ್ಷದ ಕೊನೆಗೆ ಕಾಗದ ಹಿಡಿದು ಕೂತೆ. ಕತ್ತಲೆಯ ದಿನ ಮನೆಗೆ ನಿಜವಾಗಿ ಏನೇನು ಬೇಕು? 9 ವ್ಯಾಟ್‌ನ ಆರು ಎಲ್‌ಇಡಿ ಬಲ್ಬು ಐದು ಗಂಟೆ, ಇಂಟರ್‌ನೆಟ್ ಪೆಟ್ಟಿಗೆ ಇಡೀ ದಿನ, ನಾಲ್ಕು ಮೊಬೈಲು, ಹತ್ತು ನಿಮಿಷ ಮಿಕ್ಸಿ. ಎಲ್ಲ ಕೂಡಿದರೆ ಮುಕ್ಕಾಲು ಯೂನಿಟ್ ಕೂಡ ಆಗುವುದಿಲ್ಲ. 150 ಆಂಪಿಯರ್-ಅವರ್‌ನ ಒಂದು ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್. ಬಾಳಿಕೆ ಬರಬೇಕೆಂದರೆ ಅರ್ಧದಷ್ಟು ಮಾತ್ರ ಬಳಸಬೇಕು. ಅಂದರೆ ಬ್ಯಾಟರಿ ಒಂದೇ ಸಾಕಿತ್ತು, ಪ್ಯಾನೆಲ್ ಎರಡು ಬೇಕಿತ್ತು. ಬೇಸಿಗೆಗೆ ಒಂದು ಪ್ಯಾನೆಲ್ ಸಾಕಾದ ಮನೆಗೆ ಪುಷ್ಯ ಮಳೆಗೆ ಎರಡು ಬೇಕು. ಅಳತೆ ತೆಗೆದುಕೊಳ್ಳಬೇಕಾದದ್ದು ವರ್ಷದ ಸರಾಸರಿಯಿಂದಲ್ಲ, ಅತಿ ಕೆಟ್ಟ ವಾರದಿಂದ.

ಸಾಗರದ ಕಡೆ ಇರುವ ಅಕ್ಕನ ಮನೆಯ ಕತೆ ಬೇರೆ. ಅವಳ ಮಗ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುತ್ತಾನೆ. ಫ್ರಿಜ್ಜು, ವಾಷಿಂಗ್ ಮಷೀನು, ಇಂಡಕ್ಷನ್ ಒಲೆ ಎಲ್ಲ ಸೇರಿ ತಿಂಗಳಿಗೆ 260 ಯೂನಿಟ್. ಗೃಹಜ್ಯೋತಿಯ 200ರ ಮಿತಿ ದಾಟುವುದರಿಂದ ಪೂರ್ತಿ ಬಿಲ್ ಕಟ್ಟಬೇಕು. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದಾಗ ಭಾವ 3 ಕಿಲೋವ್ಯಾಟ್ ಹಾಕಿಸಿದರು. ಖರ್ಚು 1,95,000 ರೂಪಾಯಿ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಹೀಗೆ 78,000 ಸಬ್ಸಿಡಿ. ಕೈಯಿಂದ ಹೋದದ್ದು 1,17,000. ವರ್ಷಕ್ಕೆ ಬಿಲ್ಲಿನಲ್ಲಿ ಸುಮಾರು 18,000 ಉಳಿಯುತ್ತದೆ, ಆರೂವರೆ ವರ್ಷದಲ್ಲಿ ಅಸಲು ಬರುತ್ತದೆ. ಒಳ್ಳೆಯ ಲೆಕ್ಕವೇ.

ಜುಲೈನಲ್ಲಿ ಅಕ್ಕ ಫೋನ್ ಮಾಡಿದಳು: “ಮಾಡಿನ ಮೇಲೆ ಪ್ಯಾನೆಲ್ ಹಾಕ್ಸಿ ಕೂತಿದೀವಿ, ಒಳಗೆ ಚಿಮಣಿ ಹಚ್ಕಂಡಿದೀವಿ. ಇದೆಂಥಾ ಸೋಲಾರ್ ಮಾರಾಯಾ?”

ಅವಳ ಯಂತ್ರ ಕೆಟ್ಟಿರಲಿಲ್ಲ. ಮೆಸ್ಕಾಂ ಲೈನಿಗೆ ಸೇರಿಸಿದ ಆನ್‌ಗ್ರಿಡ್ ಇನ್ವರ್ಟರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲಬೇಕು. ನಿಲ್ಲದಿದ್ದರೆ ನಮ್ಮ ಮಾಡಿನ ವಿದ್ಯುತ್ತು ತಂತಿಗೆ ಹರಿದು, ಕಂಬದ ಮೇಲಿರುವ ಲೈನ್‌ಮನ್ ಜೀವಕ್ಕೆ ಕುತ್ತು. ಕರೆಂಟ್ ಹೋದಾಗಲೂ ಬೆಳಕು ಬೇಕಾದರೆ ಬ್ಯಾಟರಿ ಜೋಡಿಸಬಹುದಾದ ಹೈಬ್ರಿಡ್ ಇನ್ವರ್ಟರ್ ಬೇಕು. ಅದನ್ನೂ ಬ್ಯಾಟರಿಯನ್ನೂ ಸೇರಿಸಿದರೆ ಅವಳಿಗೆ ಇನ್ನೂ 90,000 ಖರ್ಚು. ಆಗ ಆರೂವರೆ ವರ್ಷದ ಲೆಕ್ಕ ಹನ್ನೊಂದು ದಾಟುತ್ತದೆ. ಸಬ್ಸಿಡಿ ಸಿಗುವುದು ಪ್ಯಾನೆಲ್ಲಿನ ಶಕ್ತಿಗೆ, ಬ್ಯಾಟರಿಗಲ್ಲ. ಅಕ್ಕ ಕೊನೆಗೆ ಮಾಡಿದ್ದು ಸರಳ ಉಪಾಯ. ಮಗನ ಕಂಪ್ಯೂಟರಿಗೂ ನಾಲ್ಕು ದೀಪಕ್ಕೂ ಎಂದು ಬೇರೆಯಾಗಿ ಒಂದು ಚಿಕ್ಕ ಬ್ಯಾಟರಿ ಇನ್ವರ್ಟರ್ ಇಟ್ಟಳು. ಬಿಲ್ಲಿಗೆ ಒಂದು, ಕತ್ತಲೆಗೆ ಒಂದು.

ಇಲ್ಲೇ ಇನ್ನೊಂದು ಮಾತು ಬಿಡಿಸಿ ಹೇಳಬೇಕು. ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ ಬರುವ ಮನೆಗೆ ಆನ್‌ಗ್ರಿಡ್ ಸೋಲಾರ್ ಉಳಿಸಿಕೊಡುವ ಬಿಲ್ಲೇ ಇಲ್ಲ. ಅಂಥ ಮನೆಯವರು ಸಬ್ಸಿಡಿ ಇದೆ ಎಂಬ ಒಂದೇ ಕಾರಣಕ್ಕೆ ಲಕ್ಷ ರೂಪಾಯಿ ಸಾಲ ಮಾಡಬಾರದು. ಅವರಿಗೆ ಬೇಕಾದದ್ದು ಕತ್ತಲೆಯ ದಿನದ ಮುಕ್ಕಾಲು ಯೂನಿಟ್, ಅಷ್ಟೇ.

ನನ್ನ ಮನೆಗೆ ಕೊನೆಗೂ ದಾರಿ ತೋರಿಸಿದ್ದು ಹಳ್ಳ. ಗುಡ್ಡದ ಮೇಲಿನ ಅಬ್ಬಿ ನೀರನ್ನು ಅಜ್ಜನ ಕಾಲದಲ್ಲಿ ಅಡಿಕೆ ಮರದ ದಂಬೆಯಲ್ಲಿ ಬಚ್ಚಲಿಗೆ ತರುತ್ತಿದ್ದರು. ಆ ನೀರಿನಿಂದ ದೀಪ ಉರಿಸಬಹುದು ಎಂದು ಮಲೆನಾಡಿನ ಎಷ್ಟೋ ಮನೆಗಳವರು ನನಗಿಂತ ಮೊದಲೇ ಮಾಡಿ ತೋರಿಸಿದ್ದಾರೆ. ಅಳೆಯುವುದು ಕಷ್ಟವಲ್ಲ. 20 ಲೀಟರ್ ಬಕೆಟ್ ನಾಲ್ಕು ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್. ಗಾರೆ ಕೆಲಸದವರ ಲೆವೆಲ್ ಪೈಪಿನಿಂದ ಇಳಿಜಾರಿನ ಎತ್ತರ ಅಳೆದರೆ ನಮ್ಮಲ್ಲಿ 20 ಮೀಟರ್. ಲೀಟರನ್ನು ಎತ್ತರದಿಂದ ಗುಣಿಸಿ, ಮತ್ತೆ 5ರಿಂದ ಗುಣಿಸಿ. ಪೈಪು ಮತ್ತು ಯಂತ್ರದಲ್ಲಿ ಸೋರುವುದನ್ನು ಕಳೆದು ಕೈಗೆ ಸಿಗುವ ವ್ಯಾಟ್ ಹೆಚ್ಚುಕಡಿಮೆ ಅಷ್ಟೇ. ನಮ್ಮದು 500. ಬಿಸಿಲಿನ ಹಾಗೆ ಸಂಜೆಗೆ ಮುಳುಗುವುದಿಲ್ಲ. ಟರ್ಬೈನ್ ಹಗಲೂ ರಾತ್ರಿ ತಿರುಗಿ ದಿನಕ್ಕೆ 12 ಯೂನಿಟ್ ಕೊಡುತ್ತದೆ. ಮನೆ ಬಳಸಿ ಮಿಕ್ಕಿದ ಕರೆಂಟ್ ಬಚ್ಚಲಿನ ನೀರು ಕಾಯಿಸುವ ಕಾಯಿಲ್‌ಗೆ ಹೋಗುತ್ತದೆ.

ಒಟ್ಟು ಖರ್ಚು 1,30,000 ಆಯಿತು. ಅದರಲ್ಲಿ ಪೈಪಿಗೆ ಹೋದದ್ದೇ ಹೆಚ್ಚು, ಯಂತ್ರಕ್ಕೆ ಹೋದದ್ದು ಕಡಿಮೆ. ಹಳ್ಳ ಮನೆಯಿಂದ ದೂರವಿದ್ದರೆ ಇದು ಕೈಗೆಟುಕುವ ಮಾತಲ್ಲ. ಎಲೆ ಕಟ್ಟಿದರೆ ಕಂಬಳಿಕೊಪ್ಪೆ ಹಾಕಿಕೊಂಡು, ಇಂಬಳ ಕಚ್ಚಿಸಿಕೊಂಡು ಮೇಲೆ ಹೋಗಿ ಜರಡಿ ತೊಳೆಯಬೇಕು. ಆ ಶಕ್ತಿ ಮನೆಯಲ್ಲಿ ಯಾರಿಗಿದೆ ಎಂಬುದೂ ಲೆಕ್ಕದ ಭಾಗ. ಕೆಳಗಿನ ತೋಟದವರ ಒಪ್ಪಿಗೆ ಕೇಳಿಯೇ ಕೆಲಸ ಶುರುಮಾಡಬೇಕು. ತಿರುಗಿಸಿದ ನೀರನ್ನು ಹಳ್ಳಕ್ಕೇ ಬಿಡಬೇಕು. ಹಳ್ಳ ಅರಣ್ಯದ ಜಾಗದಲ್ಲಿದ್ದರೆ ಇಲಾಖೆಯನ್ನು ಕೇಳದೆ ಪೈಪ್ ಎಳೆಯಬಾರದು. ಜನವರಿಯ ಹೊತ್ತಿಗೆ ನೀರು ಇಳಿಯುತ್ತದೆ, ಟರ್ಬೈನ್ ನಿಲ್ಲುತ್ತದೆ. ಆಗ ನನ್ನ ಹಳೆಯ ಪ್ಯಾನೆಲ್ಲಿನ ಕಾಲ ಬರುತ್ತದೆ. ಮಳೆಗೆ ಹಳ್ಳ, ಬೇಸಿಗೆಗೆ ಬಿಸಿಲು, ಎರಡಕ್ಕೂ ಅದೇ ಬ್ಯಾಟರಿ. ಹಳ್ಳ ಹತ್ತಿರವಿದ್ದವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ನಾನು ಕಂಡಿಲ್ಲ.

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗಿರುವ ಸೋದರಮಾವನ ಮನೆಯಲ್ಲಿ ಹಳ್ಳವೂ ಹತ್ತಿರವಿಲ್ಲ, ಮಾಡಿನ ಮೇಲೆ ಮರದ ನೆರಳು ಬೇರೆ. ಅವರದು ಮೂವತ್ತು ವರ್ಷ ಹಳೆಯ ದೀನಬಂಧು ಮಾದರಿಯ ಗೋಬರ್ ಗ್ಯಾಸ್, 2 ಘನ ಮೀಟರಿನದು. ದಿನಕ್ಕೆ 50 ಕಿಲೋ ಸಗಣಿ ಬಿದ್ದರೆ, ಕಾಗದದ ಮೇಲೆ, ಹದಿನಾರು ದಿನದ ಗ್ಯಾಸು ಒಂದು ಸಿಲಿಂಡರಿಗೆ ಸಮ. ಈಗ ಕೊಟ್ಟಿಗೆಯಲ್ಲಿರುವುದು ಎರಡೇ ದನ, ಅರ್ಧ ಗ್ಯಾಸು ಬಂದರೆ ಹೆಚ್ಚು. ಆದರೂ ತಿಂಗಳಿಗೆ ಹತ್ತಿರ ಹತ್ತಿರ ಒಂದು ಸಿಲಿಂಡರ್ ಉಳಿಯುತ್ತದೆ, ಬಗ್ಗಡ ತೋಟಕ್ಕೆ ಹೋಗುತ್ತದೆ. ಕಟ್ಟಿಸುವವರು ಕೇಳಬೇಕಾದ ಪ್ರಶ್ನೆ ಎರಡು. ನಮ್ಮ ಕೊಟ್ಟಿಗೆಗೆ ಸೊಪ್ಪು ಹಾಸುತ್ತೇವೆ, ಸೊಪ್ಪು ಬೆರೆತ ಸಗಣಿ ಗುಂಡಿಗೆ ಬರುವುದಿಲ್ಲ. ಸೊಪ್ಪಿನ ಗೊಬ್ಬರ ಬೇಕೆ, ಗ್ಯಾಸು ಬೇಕೆ? ಎರಡನೆಯದು, ದಿನಾ ಬೆಳಿಗ್ಗೆ ಸಗಣಿ ಕಲಸುವವರು ಯಾರು? ಮಾವನ ಮನೆಯಲ್ಲಿ ಮೂವತ್ತು ವರ್ಷವೂ ಅದು ಅತ್ತೆಯ ಕೆಲಸ. ಸಿಲಿಂಡರ್ ಉಳಿಯಿತು ಎಂದು ಲೆಕ್ಕ ಬರೆಯುವಾಗ ಅವರ ಬೆನ್ನಿನ ಶ್ರಮಕ್ಕೂ ಒಂದು ಸಾಲು ಇರಲೇಬೇಕು.

ಇನ್ನು ಹಣ ಹೊಂದಿಸುವ ಮಾತು. ಸೆಲ್ಕೋ ಸೋಲಾರ್ ಕಂಪನಿ ಕಟ್ಟಿದ ಹರೀಶ್ ಹಂದೆ 1990ರ ದಶಕದಿಂದ ಕರ್ನಾಟಕದ ಗ್ರಾಮೀಣ ಬ್ಯಾಂಕುಗಳಿಗೆ ತೋರಿಸಿಕೊಟ್ಟದ್ದು ಒಂದು ದೊಡ್ಡ ಸತ್ಯ: ಬಡವರಿಗೆ ಸೋಲಾರ್ ದುಬಾರಿಯಾಗುವುದು ಬೆಲೆಯಿಂದಷ್ಟೇ ಅಲ್ಲ, ಅವರ ಗಳಿಕೆಗೆ ಹೊಂದದ ಕಂತಿನಿಂದ. ಬೀದಿ ವ್ಯಾಪಾರಿಗೆ ದಿನದ ಕಂತು ಹೊಂದುತ್ತದೆ, ನಮಗೆ ವರ್ಷದ ಕಂತು. ಟರ್ಬೈನಿಗೆ ಸಾಲ ಕೇಳುವಾಗ ನಾನು ಮೊದಲು ಕೇಳಿದ್ದು ಬಡ್ಡಿಯ ದರವನ್ನಲ್ಲ, ಮಾರ್ಚ್ ಕೊನೆಗೆ ವರ್ಷಕ್ಕೊಂದು ಕಂತು ಕೊಡಲು ಆಗುತ್ತದೆಯೇ ಎಂದು. ಊರಿನ ಸಹಕಾರ ಸಂಘ ಒಪ್ಪಿತು. ಬಡ್ಡಿ ಅರ್ಧ ಪರ್ಸೆಂಟ್ ಹೆಚ್ಚಾದರೂ ಅಡಿಕೆಯನ್ನು ನನಗೆ ಬೇಕಾದಾಗ ಮಾರುವ ಸ್ವಾತಂತ್ರ್ಯ ಉಳಿಯಿತು.

ಸೂರ್ಯಘರ್ ಯೋಜನೆಗೆ ಬ್ಯಾಂಕುಗಳು ಅಡಮಾನ ಕೇಳದೆ ಕಡಿಮೆ ಬಡ್ಡಿಗೆ ಸಾಲ ಕೊಡುತ್ತವೆ. ಆದರೆ ಸಬ್ಸಿಡಿ ಖಾತೆಗೆ ಬೀಳುವುದು ಎಲ್ಲ ಜೋಡಿಸಿ, ಮೀಟರ್ ಕೂರಿಸಿ, ತಪಾಸಣೆ ಮುಗಿದ ಮೇಲೆ. ಅಲ್ಲಿಯವರೆಗೆ ಆ 78,000ವನ್ನೂ ನೀವೇ ಹೊಂದಿಸಿಕೊಂಡಿರಬೇಕು. ಸಂಘದಲ್ಲಿ ಬಡ್ಡಿಯಿಲ್ಲದೆ ಸಿಗುವ ಬೆಳೆ ಸಾಲವನ್ನು ಎತ್ತಿ ಪ್ಯಾನೆಲ್ಲಿಗೆ ಹಾಕುವ ಆಸೆ ಅನೇಕರಿಗೆ ಬರುತ್ತದೆ. ಬೇಡ. ಅವಧಿ ತಪ್ಪಿದರೆ ಆ ಸೊನ್ನೆ ಬಡ್ಡಿಯೂ ಹೋಗುತ್ತದೆ, ಕೊಳೆ ಔಷಧಿಗೆ ಇಟ್ಟ ದುಡ್ಡೂ ಇಲ್ಲವಾಗುತ್ತದೆ.

ಸಾಲದ ಪಟ್ಟಿಯಲ್ಲಿ ಬರದ ಎರಡು ಖರ್ಚುಗಳನ್ನು ಈಗಲೇ ಬರೆದಿಟ್ಟುಕೊಳ್ಳಿ. ಬ್ಯಾಟರಿ ಐದು ವರ್ಷಕ್ಕೆ ಬದಲಾಗುತ್ತದೆ. ನಾನು ತಿಂಗಳಿಗೆ 300 ರೂಪಾಯಿ ಬೇರೆ ತೆಗೆದಿಡುತ್ತೇನೆ, ಐದು ವರ್ಷಕ್ಕೆ 18,000 ಆಗುತ್ತದೆ. ಇನ್ನೊಂದು ಅರ್ಥಿಂಗ್ ಮತ್ತು ಸಿಡಿಲು ರಕ್ಷಣೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಒಂದೇ ಮಿಂಚಿನಲ್ಲಿ ಇನ್ವರ್ಟರ್ ಸುಟ್ಟುಹೋದ ಮನೆಗಳನ್ನು ನೋಡಿದ್ದೇನೆ. ಅಲ್ಲಿ ಉಳಿಸಿದ ದುಡ್ಡು ಉಳಿತಾಯವಲ್ಲ.

ಈ ಪುಷ್ಯದಲ್ಲೂ ನಾಲ್ಕು ದಿನ ಕರೆಂಟ್ ಇರಲಿಲ್ಲ. ಪಕ್ಕದ ಮನೆಯ ಹುಡುಗಿ ಪುಸ್ತಕದ ಚೀಲ ಹೊತ್ತು ಬಂದು ನಮ್ಮ ಜಗಲಿಯ ದೀಪದಡಿ ಓದಿದಳು. ಅವರಪ್ಪ ತಮಗೂ ಸೋಲಾರ್ ಬೇಕು, ನಾಳೆಯೇ ಸಾಗರಕ್ಕೆ ಹೋಗಿ ತರುತ್ತೇನೆ ಎಂದರು. ನಾಳೆ ಬೇಡ ಎಂದೆ. ಒಳಗಿನಿಂದ ಹಳೆಯ ಕ್ಯಾಲೆಂಡರ್ ತಂದು ಕೊಟ್ಟು, ಸುತ್ತು ಹಾಕುವುದು ಹೇಗೆಂದು ತೋರಿಸಿದೆ. ದೀಪಾವಳಿಯವರೆಗೆ ಬರೆದಿಡಲಿ: ಯಾವ ದಿನ ಕರೆಂಟ್ ಹೋಯಿತು, ಆ ದಿನ ಯಾವ ಕೆಲಸ ನಿಂತಿತು, ಹಳ್ಳದಲ್ಲಿ ಬಕೆಟ್ ಎಷ್ಟು ಸೆಕೆಂಡಿಗೆ ತುಂಬಿತು. ಅಲ್ಲಿಯವರೆಗೆ ಹುಡುಗಿ ನಮ್ಮ ಜಗಲಿಯಲ್ಲೇ ಓದಲಿ. ಸುಗ್ಗಿ ಮುಗಿದ ಮೇಲೆ, ಕೈಯಲ್ಲಿ ದುಡ್ಡೂ ಕ್ಯಾಲೆಂಡರಿನಲ್ಲಿ ಲೆಕ್ಕವೂ ಇರುವಾಗ, ಇಬ್ಬರೂ ಒಟ್ಟಿಗೆ ಹೋಗಿ ಕೊಳ್ಳೋಣ ಎಂದಿದ್ದೇನೆ.