ಸ್ವಿಚ್ಚಿನ ಫರ್ಮ್‌ವೇರ್ ಬದಲಿಸುವ ಕ್ರಮ



ತೂಕದ ಮನೆಯ ಕಂಪ್ಯೂಟರ್, ಬಿಲ್ಲಿನ ಯಂತ್ರ, ಕಾವಲು ಕ್ಯಾಮೆರಾ ಇವುಗಳನ್ನು ಒಂದಕ್ಕೊಂದು ಕೂಡಿಸುವ ಪೆಟ್ಟಿಗೆಯೇ ನೆಟ್‌ವರ್ಕ್ ಸ್ವಿಚ್. ಯಾವ ಗದ್ದೆಗೆ ಎಷ್ಟು ನೀರು ಎಂದು ತೂಬಿನಲ್ಲಿ ಗೊತ್ತುಮಾಡುವಂತೆ, ಮ್ಯಾನೇಜ್ಡ್ ಸ್ವಿಚ್ಚಿನಲ್ಲಿ ಯಾವ ಮಾಹಿತಿ ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡಬಹುದು. ಅದನ್ನು ನಡೆಸುವ ಒಳಗಿನ ಕ್ರಮವಿಧಿಗೆ ಫರ್ಮ್‌ವೇರ್ ಎನ್ನುತ್ತಾರೆ.

ನಡೆಯುತ್ತಿರುವುದನ್ನು ಏಕೆ ಮುಟ್ಟಬೇಕೆಂದು ತಾವು ಕೇಳಬಹುದು. 2018ರ ಏಪ್ರಿಲಿನಲ್ಲಿ ಇರಾನ್, ರಷ್ಯಾ ದೇಶಗಳಲ್ಲಿ, ಸ್ಮಾರ್ಟ್ ಇನ್‌ಸ್ಟಾಲ್ ಎಂಬ ಸೌಲಭ್ಯವನ್ನು ತೆರೆದಿಟ್ಟಿದ್ದ ಸಿಸ್ಕೊ ಸ್ವಿಚ್ಚುಗಳಿಗೆ ದುಷ್ಕರ್ಮಿಗಳು ನುಗ್ಗಿ, ಒಳಗಿನ ಏರ್ಪಾಡನ್ನೆಲ್ಲ ಅಳಿಸಿದರು. ಬೇಲಿಯ ಕಿಂಡಿ ಮುಚ್ಚದಿದ್ದರೆ ಹಂದಿ ಬರುವುದು ಹೊಸ ಸಂಗತಿಯಲ್ಲ.

ಆದರೆ ಗಾಡಿಗಳು ಸಾಲುಗಟ್ಟಿ ನಿಂತಿರುವ ನುರಿಸುವ ಹಂಗಾಮಿನಲ್ಲಿ ಈ ಕೆಲಸ ಬೇಡ. ತಾಳವಾಡಿ ಬೆಟ್ಟದವರಂತೂ ಬೆಳಿಗ್ಗೆಯೇ ಹಿಡಿಯತಕ್ಕದ್ದು. ಸ್ವಿಚ್ ಕೆಟ್ಟು ಕೂತರೆ ಸತ್ಯಮಂಗಲದಿಂದ ಬರುವ ರಿಪೇರಿಯವರು ದಿಂಬಂ ಘಾಟಿಯ 27 ತಿರುವು ಹತ್ತಬೇಕು. 2022ರಲ್ಲಿ ಜಾರಿಗೆ ಬಂದ ರಾತ್ರಿ ಸಂಚಾರ ನಿರ್ಬಂಧವೂ ಇದೆ. ಸಂಜೆ ಕೆಟ್ಟರೆ ಬೆಳಗಿನವರೆಗೆ ತೂಕದ ಬಿಲ್ಲು ಕೈಬರಹವೇ ಸರಿ.

ಮೊದಲು ಪೆಟ್ಟಿಗೆಯ ಹಿಂದಿನ ಚೀಟಿಯಲ್ಲಿರುವ ಮಾದರಿ ಸಂಖ್ಯೆ ಮತ್ತು ಹಾರ್ಡ್‌ವೇರ್ ಆವೃತ್ತಿ, ಎರಡನ್ನೂ ಬರೆದುಕೊಳ್ಳಿ. ಕೋ 86032 ತಳಿ ಕೇಳಿದಾಗ ಬೇರೆ ಬಿತ್ತನೆ ತುಂಡು ಕೊಟ್ಟರೆ ತಾವು ಒಪ್ಪುವುದಿಲ್ಲವಷ್ಟೆ. ಕಡತವನ್ನು ತಯಾರಕರಿಂದಲೇ ಪಡೆದು, ಅವರು ಕೊಟ್ಟಿರುವ 64 ಅಕ್ಷರಗಳ ಎಸ್‌ಎಚ್‌ಎ-256 ಗುರುತಿನೊಡನೆ ತಾಳೆ ನೋಡಿ. ಈಗಿರುವ ಏರ್ಪಾಡಿನ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ಇಡಿ. ಸ್ವಿಚ್, ಕಂಪ್ಯೂಟರ್ ಎರಡಕ್ಕೂ ಯುಪಿಎಸ್ ಬೇಕೇ ಬೇಕು. ಬರೆಯುವ ನಡುವೆ ಕರೆಂಟು ಹೋಗುವುದಕ್ಕಿಂತ ಕೇಡು ಇನ್ನೊಂದಿಲ್ಲ. ದೀಪಗಳು ಮಿನುಗುತ್ತಿವೆಯೆಂದು ಗಾಬರಿಯಾಗಿ ತಂತಿ ಕೀಳಬೇಡಿ. ಹತ್ತು ನಿಮಿಷ ತಾಳಿ.

ಟಿಎಫ್‌ಟಿಪಿ ಮೂಲಕ ಕಡತ ಹೋಗದಿದ್ದರೆ, ಬಹುಮಟ್ಟಿಗೆ ಕಂಪ್ಯೂಟರಿನ ಫೈರ್‌ವಾಲ್ ಯುಡಿಪಿ 69ನೆಯ ದಾರಿಯನ್ನು ತಡೆದಿರುತ್ತದೆ. ಸ್ವಿಚ್ ಎದ್ದರೂ ತೂಕದ ಯಂತ್ರ ಮಾತಾಡದಿದ್ದರೆ ವಿಎಲ್‌ಎಎನ್ ಏರ್ಪಾಡು ನೋಡಿ, ಕಾದಿಟ್ಟ ಪ್ರತಿಯನ್ನು ಮತ್ತೆ ಹಾಕಿ. ಏಳಲೇ ಇಲ್ಲವೆಂದರೆ ಕನ್ಸೋಲ್ ತಂತಿ ಜೋಡಿಸಿ. ಪರದೆಯ ಮೇಲೆ ಅರ್ಥವಾಗದ ಅಕ್ಷರ ಬಂದರೆ ವೇಗ ತಪ್ಪಿದೆ. ಕೆಲವಕ್ಕೆ 9600, ಕೆಲವಕ್ಕೆ 115200. ಎರಡು ಪ್ರತಿ ಇಡುವ ಮಾದರಿಯಾದರೆ ಬೂಟ್‌ಲೋಡರಿನಲ್ಲಿ ಹಳೆಯದನ್ನು ಆರಿಸಿದರಾಯಿತು. ಇಲ್ಲವಾದರೆ, ಸೌಲಭ್ಯವಿರುವ ಮಾದರಿಗಳಲ್ಲಿ, ಎಕ್ಸ್‌ಮೋಡೆಮ್‌ನಿಂದ ಕಳಿಸಬೇಕು. 9600ರ ವೇಗದಲ್ಲಿ 10 ಎಂಬಿ ಕಡತಕ್ಕೆ 3 ಗಂಟೆಗೂ ಮೇಲೆ ಹಿಡಿಯುತ್ತದೆ. ಬೂಟ್‌ಲೋಡರ್ ಒಪ್ಪಿದರೆ ಮೊದಲು ವೇಗವನ್ನು 115200ಕ್ಕೆ ಏರಿಸಿಕೊಳ್ಳಿ.